ಫಿನ್‌ಲ್ಯಾಂಡಿಗೆ ಹೋದ ಚಮಚ

ನಾರಾಯಣಗೂಡ

ಫಿನ್‌ಲ್ಯಾಂಡಿನಲ್ಲಿ ಎತ್ತರೆತ್ತರದ ಗಂಡಸರು ಊಟದ ಜೊತೆ ಮಜ್ಜಿಗೆ ಕುಡಿಯುತ್ತಾರೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಅರ್ಧ ಹೆದರಿಕೆ ನಾರಾಯಣಗೂಡದ ಮನೆಯಲ್ಲೇ ಇಳಿದುಹೋಗುತ್ತಿತ್ತು. ಹೇಳಿದವರೆಲ್ಲ ಚಳಿಯ ಬಗ್ಗೆಯೇ ಹೇಳಿದರು. ಮೇಲಿನ ಮನೆಯ ತೆಲುಗಿನ ಅಮ್ಮ ತಮ್ಮ ಯಜಮಾನರ ಮಂಕಿಟೋಪಿ ತಂದು ಕೊಟ್ಟು, ಅದನ್ನು ಹಾಕಿಕೊಂಡು ತೋರಿಸುವವರೆಗೂ ಬಾಗಿಲು ಬಿಟ್ಟು ಹೋಗಲಿಲ್ಲ.

ನನ್ನ ಹೆಸರು ಅನಸೂಯಾ. ಹುಟ್ಟಿದ್ದು ರಾಯಚೂರು, ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷ. ಒಂದು ಪ್ರಯೋಗಾಲಯದಲ್ಲಿ ಟೆಕ್ನಿಕಲ್ ಕೆಲಸ. ವಿಜ್ಞಾನಿಯಲ್ಲ, ವಿಜ್ಞಾನಿಗಳು ಕಾಗದದ ಮೇಲೆ ಯೋಚಿಸಿದ್ದನ್ನು ಪಾತ್ರೆಯಲ್ಲಿ ಮಾಡಿ ತೋರಿಸುವವಳು. ಮದುವೆ ಮಾಡಿಸುವವರು ಬೇರೆ, ಸಂಸಾರ ನಡೆಸುವವರು ಬೇರೆ ಎಂದುಕೊಳ್ಳಿ.

ನಮ್ಮಲ್ಲಿ ಒಂದು ಯೀಸ್ಟ್ ಇದೆ. ಬನ್ನು ಉಬ್ಬಿಸುವ ಯೀಸ್ಟಿನ ದೂರದ ನೆಂಟ, ಆದರೆ ಜಿಡ್ಡು ಕಂಡರೆ ಪ್ರಾಣ. ಎಣ್ಣೆ ಮಿಲ್ಲುಗಳಲ್ಲಿ ಎಣ್ಣೆ ಶುದ್ಧ ಮಾಡಿದ ಮೇಲೆ ಯಾರಿಗೂ ಬೇಡವಾಗಿ ಉಳಿಯುವ ಕೊಬ್ಬಿನಾಮ್ಲವನ್ನು ಅದು ಸಂತೋಷದಿಂದ ತಿನ್ನುತ್ತದೆ. ಹುಟ್ಟಿನಿಂದ ಬಂದ ಗುಣವೆಂದರೆ ತಿಂದದ್ದನ್ನು ಒಳಗೇ ಸುಟ್ಟು ಮೈ ಬೆಳೆಸಿಕೊಳ್ಳುವುದು. ನಮ್ಮ ವಿಜ್ಞಾನಿಗಳು ಅದರ ಜೀನುಗಳಲ್ಲಿ ಆ ಬಾಗಿಲನ್ನು ಮುಚ್ಚಿ ಬೇರೊಂದು ಬಾಗಿಲು ತೆರೆದರು. ಈಗ ಅದು ಕೊಬ್ಬಿನಾಮ್ಲವನ್ನು ಎರಡು ಮೆಟ್ಟಿಲು ಹತ್ತಿಸಿ, ಕೊನೆಗೆ ಡೀಸೆಲ್ ಮಾಡಿ ಹೊರಗೆ ಬಿಡುತ್ತದೆ. ಅದರ ಸ್ವಂತ ಹೊಟ್ಟೆಪಾಡಿಗೆ ಸ್ವಲ್ಪ ಸಕ್ಕರೆ ಕೊಟ್ಟರೆ ಸಾಕು. ಹಳೆಯ ಬಯೋಡೀಸೆಲ್ಲನ್ನು ಪೆಟ್ರೋಲ್ ಬಂಕಿನ ಡೀಸೆಲ್ಲಿಗೆ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಇದನ್ನು ಹಾಗೇ ಇಂಜಿನ್ನಿಗೆ ಸುರಿಯಬಹುದು.

ಸುರಿಯಬಹುದು ಎಂದು ಹೇಳುತ್ತಿದ್ದವರು ನಾವೇ. ನಮ್ಮ ಯೋಜನೆಯನ್ನು ನೋಡಲು ಬಂದ ಸಮಿತಿ ಒಂದು ಮಾತು ಅಂದಿತು: ನಿಮ್ಮ ಕೈಯಲ್ಲಿ ಮಾತ್ರ ಆಗುವುದು ಕೈಗುಣ, ತಂತ್ರಜ್ಞಾನ ಅಲ್ಲ. ಬೇರೆಯವರ ಜಾಗದಲ್ಲಿ, ಬೇರೆಯವರ ಕೈಯಲ್ಲಿ, ದೊಡ್ಡ ಟ್ಯಾಂಕಿನಲ್ಲಿ ಮಾಡಿಸಿ ತೋರಿಸಿ. ಆಗದಿದ್ದರೆ ಯೋಜನೆ ಮುಗಿಯಿತು, ಪ್ರಯೋಗಾಲಯದ ನಮ್ಮ ಕೋಣೆ ಬೇರೆ ಗುಂಪಿಗೆ, ಗುತ್ತಿಗೆಯ ಮೇಲಿದ್ದ ಮೂವರು ಹುಡುಗಿಯರು ಮನೆಗೆ. ಫಿನ್‌ಲ್ಯಾಂಡಿನ ಒಂದು ಪೈಲಟ್ ಘಟಕ, ಅಂದರೆ ಪ್ರಯೋಗವನ್ನು ದೊಡ್ಡದಾಗಿ ಮಾಡಿ ನೋಡುವ ಜಾಗ, ಮುನ್ನೂರು ಲೀಟರಿನ ಟ್ಯಾಂಕು ಕೊಡಲು ಒಪ್ಪಿತು. ಎರಡೇ ಎರಡು ಸಲ.

ಹೋಗಬೇಕಾಗಿದ್ದವರು ನಮ್ಮ ಮುಖ್ಯಸ್ಥರು, ವಿಜಯಪುರದ ಪಾಟೀಲ ಸರ್. ಅಷ್ಟರಲ್ಲಿ ಅವರ ಮೊಣಕಾಲಿನ ಆಪರೇಷನ್ ಆಯಿತು. ವಾಕರ್ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು. ಯೀಸ್ಟನ್ನು ಅವರು ಹುಳ ಎಂದೇ ಕರೆಯುವುದು.

"ಅನಸೂಯಾಬಾಯಿ, ನೀವ ಹೋಗ್ರಿ. ಈ ಹುಳದ ಜೋಡಿ ಆರು ವರ್ಷ ಸಂಸಾರ ಮಾಡಿದವರು ನೀವು."

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ ಐತ್ರಿ ಸರ್."

"ಅವರದೂ ಅಷ್ಟಕ್ಕಷ್ಟ ಐತಿ. ಜೋಡಿ ಆಗತೈತಿ." ಆಮೇಲೆ ನನ್ನ ಲಾಗ್ ಬುಕ್ಕಿನ ಮೇಲೆ ಕೈಯಿಟ್ಟು ಹೇಳಿದರು: "ಇದರಾಗ ಇಲ್ಲದ್ದು ಯಾವುದೂ ಆಗಿಲ್ಲ. ಇದನ್ನ ಅವರ ಮುಂದ ಇಡ್ರಿ, ಸಾಕು."

ಆ ಮಾತಿನಿಂದ ನಾನು ಒಂದಿಷ್ಟು ಉಬ್ಬಿದೆ, ಸುಳ್ಳೇಕೆ ಹೇಳಲಿ. ನನ್ನ ಲಾಗ್ ಬುಕ್ಕಿನಲ್ಲಿ ಕರೆಂಟು ಹೋದ ನಿಮಿಷವೂ ಇರುತ್ತದೆ, ಬಂದ ನಿಮಿಷವೂ ಇರುತ್ತದೆ.

ನಮ್ಮವರು ಚೀಲ ತುಂಬಲು ಕೂತರು. ಶೇಂಗಾ ಚಟ್ನಿಪುಡಿ, ತೊಗರಿಬೇಳೆ, ಒಂದು ಸಣ್ಣ ಬಾಟಲಿ ಶೇಂಗಾ ಎಣ್ಣೆ. ನಾನು ಸ್ಟೀಲಿನ ಒಂದು ಚಮಚ ತೆಗೆದಿಟ್ಟಾಗ ಮಾತ್ರ ಮುಖ ಸಣ್ಣದು ಮಾಡಿದರು. ಮದುವೆಯಾದ ವರ್ಷ ಅಬಿಡ್ಸ್ ಬಜಾರಿನಲ್ಲಿ ಅವರೇ ಆರಿಸಿ ತಂದ ಆರು ಚಮಚದ ಸೆಟ್ಟು ಅದು. ಇಷ್ಟು ವರ್ಷದಲ್ಲಿ ಒಂದೂ ಕಳೆದಿಲ್ಲ ಎಂಬುದು ನಮ್ಮ ಮನೆಯ ಪ್ರತಿಷ್ಠೆಯ ವಿಷಯ.

"ಸೆಟ್ ಒಡೀಬ್ಯಾಡ. ಪ್ಲಾಸ್ಟಿಕ್ಕಿಂದು ಒಯ್ಯಿ."

"ವಾಪಸ್ ತರ್ತೀನಿ ರೀ," ಎಂದೆ.

ಹೆಲ್ಸಿಂಕಿ

ನಮ್ಮ ಯೀಸ್ಟು ನನಗಿಂತ ಒಂದು ವಾರ ಮೊದಲೇ, ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೊರಿಯರಿನವರ ಕೈ ಹಿಡಿದು ಹೋಗಿ ಸೇರಿತ್ತು. ನಾನು ಮಂಕಿಟೋಪಿಯ ಕೈ ಹಿಡಿದು ಹೋದೆ.

ವಿಮಾನ ನಿಲ್ದಾಣದಿಂದ ರೈಲು ಹತ್ತಿ, ಕೂತ ತಕ್ಷಣ ನಮ್ಮವರಿಗೆ ಫೋನು ಮಾಡಿದೆ. ರೈಲಿನಲ್ಲಿ ಫೋನು ಎಂದರೆ ನನಗೆ ಸಿಕಂದರಾಬಾದ್ ಸ್ಟೇಷನ್ನಿನ ಗಂಟಲು ತಾನೇ ಬಂದುಬಿಡುತ್ತದೆ. ಮುಟ್ಟಿದೆ, ಚಳಿ ಅಷ್ಟೇನಿಲ್ಲ, ಕೊಟ್ಟದ್ದನ್ನೆಲ್ಲ ವಿಮಾನದಲ್ಲಿ ತಿಂದೆ ಎಂದು ಇಡೀ ರೈಲುಡಬ್ಬಿಗೆ ಕೇಳುವಂತೆ ವರದಿ ಒಪ್ಪಿಸುತ್ತಿದ್ದೆ. ಎದುರಿಗೆ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು ಎದ್ದು ಬಂದು, ಮೆಲ್ಲಗೆ ನನ್ನ ಭುಜ ಮುಟ್ಟಿ ಗೋಡೆಯತ್ತ ಕೈ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟುಕೊಂಡ ಮುಖದ ಚಿತ್ರ. ಅದು ಮಾತಾಡಬಾರದ ಡಬ್ಬಿಯಂತೆ. ಅಂಥದ್ದೊಂದು ಡಬ್ಬಿ ಇರುತ್ತದೆಂದು, ಅದಕ್ಕೂ ಜನ ಆಸೆಪಟ್ಟು ಹತ್ತುತ್ತಾರೆಂದು ನನಗೇನು ಗೊತ್ತು? ಬಾಯಿ ಮುಚ್ಚಿದೆ. ಫೋನಿನೊಳಗಿಂದ ನಮ್ಮವರು ಮಾತ್ರ, "ಹಲೋ, ಹಲೋ, ಕೇಳಸಾಕತ್ತೈತೇನು? ಹಲೋ," ಎಂದು ಇಡೀ ಡಬ್ಬಿಯನ್ನು ಮಾತಾಡಿಸುತ್ತಲೇ ಇದ್ದರು. ಗಾಬರಿಯಲ್ಲಿ ಫೋನು ಆರಿಸುವ ಬದಲು ಸ್ಪೀಕರ್ ಒತ್ತಿದ್ದೆ.

ಯಾರೂ ಬಯ್ಯಲಿಲ್ಲ. ಯಾರೂ ನಗಲೂ ಇಲ್ಲ. ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ಅದೇ ಈ ಜನರ ದಯೆ ಎಂದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಲಾಹ್ತಿ, ಮೊದಲ ವಾರ

ಲಾಹ್ತಿ ಒಂದು ದೊಡ್ಡ ಸರೋವರದ ದಂಡೆಯ ಊರು. ನಾನು ಹೋದಾಗ ಏಪ್ರಿಲ್ ಮುಗಿಯುತ್ತಿತ್ತು. ದಂಡೆಯಲ್ಲಿ ನೀರು, ನಡುವೆ ಇನ್ನೂ ಮಂಜುಗಡ್ಡೆ. ಚಳಿಗಾಲದಲ್ಲಿ ಜನ ಜಾರದಿರಲೆಂದು ರಸ್ತೆಗೆ ಹಾಕಿದ್ದ ಜಲ್ಲಿಯನ್ನು ಈಗ ಗುಡಿಸಿ ತೆಗೆಯುತ್ತಿದ್ದರು. ನಮ್ಮಲ್ಲಿ ಹಾಕಿದ ಜಲ್ಲಿ ತಾನಾಗಿಯೇ ಹೋಗುತ್ತದೆ.

ಘಟಕದ ಮುಖ್ಯಸ್ಥನ ಹೆಸರು ಯುಹಾ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಆಫೀಸಿನ ಹೊರಗೆ ಬೂಟು ಬಿಟ್ಟು, ಬರೀ ಕಾಲುಚೀಲದಲ್ಲಿ ಬಂದು ನನ್ನ ಕೈ ಕುಲುಕಿದ. ಚಪ್ಪಲಿ ಹೊರಗೆ ಬಿಡುವ ಜನ ಎಂದು ಗೊತ್ತಾದದ್ದೇ ನನಗೆ ನೆಂಟರ ಮನೆಗೆ ಬಂದಹಾಗಾಯಿತು. ಟ್ಯಾಂಕು ನಡೆಸುವವರು ರಿತ್ವಾ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಬೆಳ್ಳಿಕೂದಲಿನ ಗಿಡ್ಡ ಜಡೆ. ಒಪ್ಪಿಗೆಯಾದರೆ ಉಸಿರನ್ನು ಒಳಗೆಳೆದುಕೊಂಡು "ಯೋ" ಅನ್ನುತ್ತಾರೆ. ಮೊದಲ ದಿನ ನಾನು ಅವರಿಗೆ ಏನೋ ನೋವಾಯಿತೆಂದು ಹೆದರಿದೆ. ಅವರಾಡಿದ್ದೆಲ್ಲ ಮುರುಕು ಇಂಗ್ಲಿಷು, ನಾನಾಡಿದ್ದೂ ಅಷ್ಟೇ. ಇಲ್ಲಿ ಇಬ್ಬರನ್ನೂ ಕನ್ನಡದಲ್ಲಿ ರಿಪೇರಿ ಮಾಡಿ ಬರೆಯುತ್ತಿದ್ದೇನೆ.

ಹನ್ನೊಂದು ಗಂಟೆಗೇ ಊಟ. ಕಪ್ಪು ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಲೋಟದ ತುಂಬ ಮಜ್ಜಿಗೆ. ಅವರು ಅದಕ್ಕೆ ಪೀಮಾ ಅನ್ನುತ್ತಾರೆ. ನಾನು ಉಪ್ಪು ಹಾಕಿ ಕಲಸಿ ಕುಡಿದೆ. ರಿತ್ವಾ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಅವರೂ ಉಪ್ಪು ಹಾಕಿಕೊಂಡರು, ಆಗಲೂ ಏನೂ ಅನ್ನಲಿಲ್ಲ.

ಟ್ಯಾಂಕಿನ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಅತಿಥಿಗಳು ಅದನ್ನು ದಾಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ನಮ್ಮಜ್ಜಿ ಮಡಿಯಲ್ಲಿ ಅಡಿಗೆ ಮಾಡುವಾಗ ಹೊಸ್ತಿಲ ಹೊರಗೆ ನಿಂತು ನೋಡಿದ್ದೇ ನೋಡಿದ್ದು, ಈಗ ಈ ವಯಸ್ಸಿನಲ್ಲಿ ಮತ್ತೆ ಅದೇ. ಆದರೆ ನಿಯಮ ಸರಿಯಾದದ್ದೇ. ಬೇರೆಯವರ ಕೈಯಲ್ಲಿ ಆಗಬೇಕು ಎಂದು ತಾನೇ ನಾವು ಬಂದದ್ದು? ನಾನು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಿಂತೆ.

ಟ್ಯಾಂಕು ತುಂಬಿ ಕೊನೆಯವರೆಗೆ ನಡೆಸುವುದಕ್ಕೆ ಅಲ್ಲಿ ಓಟ ಅನ್ನುತ್ತಾರೆ, ಮೊದಲ ಸಲದ ಓಟ ಮಂಗಳವಾರ ಶುರುವಾಯಿತು. ಯೀಸ್ಟು ಸಕ್ಕರೆ ತಿಂದು ಚೆನ್ನಾಗಿ ಬೆಳೆಯಿತು. ಬುಧವಾರ ಕೊಬ್ಬಿನಾಮ್ಲ ಕೊಡಲು ತೊಡಗಿದರು. ಕೊಬ್ಬಿನಾಮ್ಲ, ಗಾಳಿ, ಕಲಕುವ ರೆಕ್ಕೆ, ಈ ಮೂರು ಸೇರಿದರೆ ಸೋಪಿನ ನೀರಿನ ಹಾಗೆ ನೊರೆ. ಅವರ ಟ್ಯಾಂಕಿಗೆ ಒಂದು ಮೂಗು ಇದೆ, ನೊರೆ ಅದನ್ನು ಮುಟ್ಟಿದರೆ ಸಾಕು, ಯಂತ್ರವೇ ನೊರೆ ಇಳಿಸುವ ಸಿಲಿಕೋನ್ ದ್ರವವನ್ನು ಹನಿ ಹನಿ ಬಿಡುತ್ತದೆ. ಎಷ್ಟು ಚೆಂದದ ಏರ್ಪಾಡು ಎಂದು ನಾನು ಮೆಚ್ಚಿಕೊಂಡು ಬಂದು ಮಲಗಿದೆ.

ಶುಕ್ರವಾರ ಯುಹಾ ಪರೀಕ್ಷೆಯ ಹಾಳೆ ತಂದು ಮೇಜಿನ ಮೇಲಿಟ್ಟ. ಕೊಬ್ಬಿನಾಮ್ಲ ಒಳಗೆ ಹೋಗಿದೆ, ಮೊದಲ ಮೆಟ್ಟಿಲನ್ನೂ ಹತ್ತಿದೆ. ಎರಡನೆಯದರ ಮುಂದೆ ನಿಂತುಬಿಟ್ಟಿದೆ. ಡೀಸೆಲ್ ಇಲ್ಲವೆನ್ನುವಷ್ಟು ಕಡಿಮೆ.

"ನಿಮ್ಮ ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಮಾಡಿದ್ದೇವೆ," ಎಂದ ಯುಹಾ. ದೂರಿನ ದನಿಯಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಸಾಲು ಸಾಲಾಗಿ ಓದಿ ನೋಡಿದೆವು. ನಿಜ, ಒಂದೂ ಬಿಟ್ಟಿರಲಿಲ್ಲ.

ಪಾಟೀಲ ಸರ್‌ಗೆ ಫೋನಿನಲ್ಲಿ ಹೇಳಿದೆ. "ನಿಮ್ಮ ಪುಸ್ತಕ ತಪ್ಪಂಗಿಲ್ಲ. ಅಂದ್ರ ಹುಳದಾಗ ದಮ್ ಇಲ್ಲ. ದೊಡ್ಡ ಟ್ಯಾಂಕಿಗೆ ಅದು ತಯಾರಿಲ್ಲ ಅಂತ ತಿಳ್ಕೊಳ್ಳೂಣು," ಎಂದರು. ತಮ್ಮ ಜೀವಮಾನದ ಕೆಲಸವನ್ನು ಅವರು ನನ್ನ ಪುಸ್ತಕದ ನಂಬಿಕೆಯ ಮೇಲೆ ಕೈಬಿಡುತ್ತಿದ್ದರು.

ಭಾನುವಾರ

ಭಾನುವಾರ ಸರೋವರದ ದಂಡೆಯಲ್ಲಿ ನಡೆದೆ. ಬೆಂಚಿಗೊಬ್ಬರಂತೆ ಜನ ಕೂತು ಬಿಸಿಲಿಗೆ ಮುಖ ಕೊಟ್ಟಿದ್ದರು, ನಾವು ಹಪ್ಪಳ ಒಣಹಾಕುವ ಹಾಗೆ. ಹೈದರಾಬಾದಿನಲ್ಲಿ ಆಗ ಬಿಸಿಲನ್ನು ಶಪಿಸುತ್ತಿದ್ದ ನಮ್ಮ ಬೀದಿಯನ್ನು ನೆನೆದು ನಗು ಬರಬೇಕಿತ್ತು. ಬರಲಿಲ್ಲ. ಆ ಮೂವರು ಹುಡುಗಿಯರು ಯಾವ ಮುಖದಲ್ಲಿ ನನ್ನನ್ನು ನೋಡುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ವಾಪಸ್ ಬಂದು ಅತಿಥಿಗೃಹದ ಒಲೆಯ ಮೇಲೆ ಬೇಳೆಗೆ ಇಟ್ಟೆ. ಕುಕ್ಕರ್ ಇರಲಿಲ್ಲ, ಬಿಡಿ ಪಾತ್ರೆ. ಸಂಜೆ ಏಳು ದಾಟಿದ್ದರೂ ಕಿಟಕಿಯಲ್ಲಿ ಮಧ್ಯಾಹ್ನದಂಥ ಬೆಳಕು. ಬೇಳೆ ಕುದಿಯಿತು, ನೊರೆ ಎದ್ದು ಪಾತ್ರೆಯ ಅಂಚಿಗೆ ಬಂತು. ನನ್ನ ಕೈ ತಾನಾಗಿ ಬಾಟಲಿ ಬಗ್ಗಿಸಿ, ಚಮಚಕ್ಕೆ ಶೇಂಗಾ ಎಣ್ಣೆ ಹಾಕಿ ಪಾತ್ರೆಗೆ ಬಿಟ್ಟಿತು. ನೊರೆ ಇಳಿಯಿತು. ನಾನು ಚಮಚ ಹಿಡಿದುಕೊಂಡು ಹಾಗೇ ನಿಂತೆ.

ಆರು ವರ್ಷದ ಹಿಂದೆ ನಮ್ಮ ಪ್ರಯೋಗಾಲಯದಲ್ಲಿ ಸಿಲಿಕೋನ್ ಬಾಟಲಿ ಮುಗಿದಿತ್ತು. ಹೊಸದನ್ನು ತರಿಸಲು ಇಂಡೆಂಟು ಹಾಕಿದೆ. ಇಂಡೆಂಟು ಎಲ್ಲೋ ಒಂದು ಮೇಜಿನ ಮೇಲೆ ಕೂತುಕೊಂಡಿತು. ಯೀಸ್ಟು ಕಾಯುತ್ತದೆಯೇ? ಮರುದಿನ ಮನೆಯಿಂದ ಶೇಂಗಾ ಎಣ್ಣೆ ತಂದು, ಆಟೋಕ್ಲೇವಿನಲ್ಲಿ ಕ್ರಿಮಿಶುದ್ಧ ಮಾಡಿ, ನೊರೆ ಬಂದಾಗಲೆಲ್ಲ ಒಂದು ಚಮಚ ಬಿಟ್ಟೆ. ತಿಂಗಳುಗಳ ಮೇಲೆ ಸಿಲಿಕೋನ್ ಬಂತು. ಅಷ್ಟರಲ್ಲಿ ಕೈಗೆ ಎಣ್ಣೆಯೇ ರೂಢಿಯಾಗಿತ್ತು. ಅಚ್ಚು ಹಾಕಿದ ಲಾಗ್ ಬುಕ್ಕಿನಲ್ಲಿ ನೊರೆ ಇಳಿಸುವ ದ್ರವಕ್ಕೆ ಒಂದು ಅಂಕಣವಿದೆ, "ಅಗತ್ಯವಿದ್ದಷ್ಟು" ಎಂದು. ಅದರ ಮುಂದೆ ಪ್ರತಿದಿನ ಗುರುತು ಹಾಕಿದ್ದೇನೆ. ಯಾವ ದ್ರವ ಎಂದು ಬರೆದಿಲ್ಲ. ಯಾಕೆ ಬರೆಯಲಿಲ್ಲ? ಬೇಳೆಗೆ ಎಣ್ಣೆ ಬಿಡುವುದನ್ನು ಯಾರಾದರೂ ಬರೆದಿಡುತ್ತಾರೆಯೇ? ನನ್ನ ಲೆಕ್ಕದಲ್ಲಿ ಅದು ಕೆಲಸವೇ ಆಗಿರಲಿಲ್ಲ.

ಖುಷಿಯಾಗಬೇಕಿತ್ತು. ನಾಚಿಕೆಯಾಯಿತು. ಇದರಲ್ಲಿ ಇಲ್ಲದ್ದು ಯಾವುದೂ ಆಗಿಲ್ಲ ಎಂದು ಅವರು ಕೈಯಿಟ್ಟಿದ್ದ ಪುಸ್ತಕದಲ್ಲಿ ಆರು ವರ್ಷದ ಎಣ್ಣೆ ಕಾಣೆಯಾಗಿತ್ತು. ಸಣ್ಣ ಬುದ್ಧಿಯೊಂದು ತಲೆಯೆತ್ತಿತು, ಮುಚ್ಚಿಡುವುದಿಲ್ಲ. ರಿತ್ವಾಗೆ ಗುಟ್ಟಾಗಿ ಹೇಳಿದರೆ? ಆಕೆ ಹೇಗೂ ಮಾತಾಡುವವರಲ್ಲ. ಹಳದಿ ಗೆರೆಯ ಆಚೆ ಒಂದು ಲೋಟ ಎಣ್ಣೆ ಹೋದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ಆಗಲೂ ಅದು ನನ್ನ ಕೈಗುಣವೇ ಆಗುತ್ತದೆ, ಪುಸ್ತಕ ಹಾಗೇ ಖಾಲಿ ಉಳಿಯುತ್ತದೆ. ಈ ಯೋಚನೆಯಲ್ಲಿ ಬೇಳೆ ತಳ ಹಿಡಿಯಿತು. ಅದನ್ನೇ ಉಂಡೆ.

ಸೋಮವಾರ

ಬೆಳಿಗ್ಗೆ ಎದ್ದವಳೇ ಪಾಟೀಲ ಸರ್‌ಗೆ ಫೋನು ಮಾಡಿದೆ. ಹೈದರಾಬಾದಿನಲ್ಲಿ ಆಗ ಆಫೀಸಿನ ಹೊತ್ತು. ಉಸಿರು ಬಿಡದೆ ಎಲ್ಲ ಹೇಳಿದೆ.

"ಅಂದ್ರ," ಎಂದರು ನಿಧಾನವಾಗಿ, "ನನ್ನ ಎಲ್ಲಾ ಪೇಪರಿನಾಗೂ ನಿಮ್ಮ ಮನಿ ಶೇಂಗಾ ಎಣ್ಣಿ ಐತಿ ಅನ್ರಿ."

"ಹೌದ್ರಿ ಸರ್. ತಪ್ಪಾತು."

ಫೋನಿನಲ್ಲಿ ವಾಕರಿನ ಸದ್ದು ಕೇಳಿತು. ಅವರು ಎದ್ದು ನಿಂತಿರಬೇಕು.

"ತಪ್ಪು ಹೌದು. ಭಾಳ ದೊಡ್ಡ ತಪ್ಪು. ಅವೆಲ್ಲಾ ತಿದ್ದಿ ಬರದು ಕಳಸಬೇಕು, ಅದು ನನ್ನ ಕೆಲಸ, ನಾ ನೋಡ್ಕೋತೀನಿ. ಆದ್ರ ಹುಳದಾಗ ದಮ್ ಐತಿ ಅಂದಂಗಾತಲ್ಲ," ಎಂದರು. "ಹೋಗ್ರಿ, ಅವರಿಗೆ ಹೇಳ್ರಿ. ನಂದು, ನಿಮ್ದು ಮರ್ಯಾದಿ ನೋಡ್ಕೋತ ಕೂಡಬ್ಯಾಡ್ರಿ. ಎಲ್ಲಾ ಹೇಳ್ರಿ."

ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಬೇಳೆ ಎಂದರೇನು, ಅದು ಹೇಗೆ ಉಕ್ಕುತ್ತದೆ, ನಮ್ಮ ಕಡೆ ಏನು ಮಾಡುತ್ತಾರೆ ಎಂಬುದರಿಂದ ಶುರು ಮಾಡಿದೆ. ಯುಹಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

ಮೊದಲು ಮಾತಾಡಿದವರು ರಿತ್ವಾ.

"ನನ್ನದೂ ಒಂದಿದೆ," ಎಂದರು. "ಯೀಸ್ಟಿನ ಪ್ರತಿ ಓಟದಲ್ಲೂ ಯಂತ್ರದ ಪರದೆ ಹೇಳುವುದಕ್ಕಿಂತ ಗಾಳಿಯನ್ನು ಕೂದಲೆಳೆಯಷ್ಟು ಹೆಚ್ಚು ಬಿಡುತ್ತೇನೆ. ಸದ್ದು ಕೇಳಿ ಬಿಡುತ್ತೇನೆ. ಎಲ್ಲೂ ಬರೆದಿಲ್ಲ. ಇವರ ಓಟದಲ್ಲಿ ಬಿಡಲಿಲ್ಲ, ಅತಿಥಿಗಳ ಕಾಗದದಲ್ಲಿ ಇದ್ದಷ್ಟನ್ನೇ ಮಾಡಬೇಕಲ್ಲವೇ ಎಂದು."

"ಎಷ್ಟು ವರ್ಷದಿಂದ?" ಎಂದ ಯುಹಾ.

"ಈ ಟ್ಯಾಂಕು ಬಂದಾಗಿನಿಂದ."

ಯುಹಾ ನಮ್ಮಿಬ್ಬರನ್ನೂ ನೋಡಿದ. ಇಬ್ಬರು ಅತ್ತೆಯಂದಿರ ನಡುವೆ ಸಿಕ್ಕಿಬಿದ್ದ ಅಳಿಯನ ಮುಖವಾಗಿತ್ತು ಅವನದು. ಆಮೇಲೆ ಉಸಿರನ್ನು ಒಳಗೆಳೆದು "ಯೋ" ಎಂದ.

ಬಾಯಿಮಾತಿನ ಮೇಲೆ ದೊಡ್ಡ ಟ್ಯಾಂಕು ಕೊಡುವವನಲ್ಲ ಅವನು, ಕೊಡಬಾರದು ಕೂಡ. ಎರಡು ಸಣ್ಣ ಪಾತ್ರೆಗಳಲ್ಲಿ ಒಂದೇ ಯೀಸ್ಟು, ಒಂದೇ ಊಟ, ಗಾಳಿಯೂ ಒಂದೇ. ಒಂದಕ್ಕೆ ಸಿಲಿಕೋನ್, ಇನ್ನೊಂದಕ್ಕೆ ಎಣ್ಣೆ. ನನ್ನ ಬಾಟಲಿ ಬೇಡವೆಂದರು, ಊರಲ್ಲಿ ಸಿಗುವುದರಿಂದಲೇ ಆಗಬೇಕು. ಕ್ಯಾಂಟೀನಿನಿಂದ ಅವರ ಸಾಸಿವೆ ಜಾತಿಯ ಎಣ್ಣೆ ಬಂತು. ಶೇಂಗಾ ಅಲ್ಲದಿದ್ದರೆ ಹೇಗೋ ಏನೋ ಎಂದು ನನಗೆ ಅಳುಕು.

"ಎಷ್ಟು ಹಾಕಬೇಕು?" ಎಂದರು ರಿತ್ವಾ.

"ಒಂದು ಚಮಚ."

"ಯಾವ ಚಮಚ?"

ಚೀಲದಿಂದ ತೆಗೆದು ಕೊಟ್ಟೆ. ನನ್ನದೇ ಸೆಟ್ಟಿನ ಚಮಚ, ಪ್ರಯೋಗಾಲಯದಲ್ಲಿ ಎಣ್ಣೆ ಬಿಡುತ್ತಿದ್ದುದೂ ಇದೇ ಅಳತೆಯ ಚಮಚದಿಂದ. ರಿತ್ವಾ ಅದರಲ್ಲಿ ಎಣ್ಣೆ ತುಂಬಿ ತಕ್ಕಡಿಯ ಮೇಲಿಟ್ಟು ತೂಗಿದರು. ಒಂದು ಸಲವಲ್ಲ, ಹತ್ತು ಸಲ. ಅಬಿಡ್ಸಿನ ಅಂಗಡಿಯವನು ಆ ಗೌರವ ನೋಡಿದ್ದರೆ ಬಾಗಿಲಿಗೆ ಮಾವಿನ ತೋರಣ ಕಟ್ಟಿಸುತ್ತಿದ್ದ.

ಎರಡನೆಯ ಓಟ

ಬುಧವಾರ ಬೆಳಿಗ್ಗೆ ಉತ್ತರ ಬಂತು. ಸಿಲಿಕೋನಿನ ಪಾತ್ರೆಯಲ್ಲಿ ಹಿಂದಿನ ಕಥೆಯೇ. ಎಣ್ಣೆಯ ಪಾತ್ರೆಯಲ್ಲಿ ಡೀಸೆಲ್.

ಕಾರಣವನ್ನು ಯುಹಾ ಹಲಗೆಯ ಮೇಲೆ ಬರೆದು ತೋರಿಸಿದ. ಆ ಎರಡನೆಯ ಮೆಟ್ಟಿಲು ಹತ್ತಲು ಯೀಸ್ಟಿಗೆ ಆಮ್ಲಜನಕ ಬೇಕೇ ಬೇಕು. ಸಿಲಿಕೋನನ್ನು ಅದು ತಿನ್ನಲಾರದು, ಹಾಕಿದಷ್ಟೂ ಉಳಿದುಕೊಂಡು ಗಾಳಿಯ ಗುಳ್ಳೆಗಳನ್ನು ದಪ್ಪ ಮಾಡುತ್ತದೆ. ದಪ್ಪ ಗುಳ್ಳೆ ನೀರಿಗೆ ಆಮ್ಲಜನಕ ಕೊಡುವ ಮೊದಲೇ ಮೇಲೆ ಹೋಗಿ ಒಡೆಯುತ್ತದೆ. ಎಣ್ಣೆಯೂ ನೊರೆ ಇಳಿಸುತ್ತದೆ, ಆದರೆ ಅದನ್ನು ಯೀಸ್ಟು ತಿಂದುಬಿಡುತ್ತದೆ. ತಿಂದದ್ದು ಕೊಬ್ಬಿನಾಮ್ಲವಾಗಿ, ಕೊಬ್ಬಿನಾಮ್ಲ ಡೀಸೆಲ್ಲಾಗಿ ಹೊರಗೆ ಬರುತ್ತದೆ. ಸಾರಿಸಲು ಬಂದವಳೇ ರಂಗೋಲಿಯನ್ನೂ ಹಾಕಿ ಹೋದಂತೆ. ಆರು ವರ್ಷ ಇದನ್ನು ಮಾಡಿದವಳಿಗೆ ಇದು ಯಾಕೆ ಆಗುತ್ತದೆಂದು ಆವತ್ತೇ ತಿಳಿದದ್ದು.

ಹೊಸ ಕಾಗದ ತಯಾರಾಯಿತು. ಎಣ್ಣೆಯ ಸಾಲು ನಾನು ಬರೆದೆ, ಗಾಳಿಯ ಸಾಲು ರಿತ್ವಾ ಬರೆದರು. ನಮ್ಮ ಪಾತ್ರೆಗೆ ಒಂದು ಚಮಚವಾದರೆ ಅವರ ಟ್ಯಾಂಕಿಗೆ ಒಂದು ಲೋಟ. ಯಂತ್ರದ ಮೂಗನ್ನು ಕಟ್ಟಿಹಾಕಿದರು, ನೊರೆ ಗಾಜಿನ ಕಿಟಕಿಯ ಅಂಚಿಗೆ ಬಂದಾಗ ಕೈಯಿಂದಲೇ ಬಿಡುವುದು ಎಂದಾಯಿತು.

ನಾನು ಮತ್ತೆ ಹಳದಿ ಗೆರೆಯ ಹಿಂದೆ. ಮೊದಲ ದಿನ ನೊರೆ ಏರುವಾಗ ನನ್ನ ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ತಡೆದೆ. ರಿತ್ವಾ ಕಿಟಕಿಯನ್ನೇ ನೋಡುತ್ತಿದ್ದರು. ಬಿಡುವ ಗಳಿಗೆ ಬಂತು ಎಂದು ನನಗನ್ನಿಸುವುದಕ್ಕೂ ಅವರ ಕೈ ಏಳುವುದಕ್ಕೂ ಸರಿಹೋಯಿತು. ಬೇಳೆಯ ಮುಖವನ್ನೇ ನೋಡಿರದ ಹೆಂಗಸು. ಎರಡನೆಯ ದಿನ ನಾನು ಬೇಕೆಂದೇ ಬೆನ್ನು ತಿರುಗಿಸಿ ಕಿಟಕಿಯಾಚೆ ಸರೋವರ ನೋಡುತ್ತಾ ನಿಂತೆ. ಮಂಜುಗಡ್ಡೆ ಪೂರ್ತಿ ಹೋಗಿತ್ತು, ದೋಣಿಗಳನ್ನು ನೀರಿಗಿಳಿಸುತ್ತಿದ್ದರು. ಹಿಂದಿನಿಂದ ಬರುವ ಸದ್ದಿನಲ್ಲೇ ಎಲ್ಲ ಸರಿಯಿದೆ ಎಂದು ಗೊತ್ತಾಗುತ್ತಿತ್ತು.

ಐದನೆಯ ದಿನ ರಿತ್ವಾ ಟ್ಯಾಂಕಿನಿಂದ ಒಂದು ಕೊಳವೆ ತುಂಬಿಸಿ ಸ್ಟ್ಯಾಂಡಿನಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಮೇಲೆ ಒಂದು ಪದರ ಬೇರೆಯಾಯಿತು. ನೀರಿನಷ್ಟು ತಿಳಿ, ಬೆರಳಗಲ. ಹೈದರಾಬಾದಿನಲ್ಲಿ ನಾನು ಕಂಡದ್ದೆಲ್ಲಕ್ಕಿಂತ ದಪ್ಪದ ಪದರ ಅದು. ರಿತ್ವಾ ಹಳದಿ ಗೆರೆಯ ಹತ್ತಿರ ಬಂದು, ಕೊಳವೆಯನ್ನು ನನ್ನ ಕೈಗೇ ಕೊಟ್ಟರು. ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಇಪ್ಪತ್ತಾರು ವರ್ಷದಲ್ಲಿ ಒಂದು ಸಲ ಅಳುವ ಹಕ್ಕು ನನಗಿತ್ತು.

ಆಮೇಲಿನ ವಾರ ಪದರವನ್ನೆಲ್ಲ ಬೇರೆ ಮಾಡಿ, ಸೋಸಿ, ಡಬ್ಬದಲ್ಲಿ ತುಂಬಿದರು. ಘಟಕದ ಹಿತ್ತಲಲ್ಲಿ ಒಂದೇ ಸಿಲಿಂಡರಿನ ಹಳೆಯ ಡೀಸೆಲ್ ಇಂಜಿನ್ ಇತ್ತು. ಅದರ ಟ್ಯಾಂಕು ಬರಿದು ಮಾಡಿ, ಒರೆಸಿ, ನಮ್ಮದನ್ನಷ್ಟೇ ಹಾಕಿದರು. 'ಬೇರೇನೂ ಬೆರೆಸಿಲ್ಲ' ಎಂದು ಯುಹಾ ಎರಡು ಸಲ ಹೇಳಿದ. ನಾನು ಫೋನು ಹಿಡಿದು ನಿಂತೆ. ಅತ್ತ ಹೈದರಾಬಾದಿನಲ್ಲಿ ಪಾಟೀಲ ಸರ್ ಕುರ್ಚಿಯಲ್ಲಿ, ಅವರ ಹಿಂದೆ ಮೂವರು ಹುಡುಗಿಯರು, ಅವರ ಹಿಂದೆ ಇಡೀ ಮಹಡಿಯ ಜನ.

ರಿತ್ವಾ ಹ್ಯಾಂಡಲ್ ತಿರುಗಿಸಿದರು. ಒಂದು ಸಲ ಕೆಮ್ಮಿತು. ಎರಡನೆಯ ಸಲ ಕೆಮ್ಮಿತು. ಮೂರನೆಯ ಸಲ ಹಿಡಿಯಿತು ನೋಡಿ, ಡುಗು ಡುಗು ಡುಗು ಎಂದು ಅಂಗಳವೆಲ್ಲ ತುಂಬಿಕೊಂಡಿತು.

ಫೋನಿನೊಳಗೆ ಗದ್ದಲವೋ ಗದ್ದಲ. ಅದರ ನಡುವೆ ಪಾಟೀಲ ಸರ್ ಎದ್ದು ನಿಂತಿದ್ದು ಕಂಡಿತು. ವಾಕರ್ ಹಿಡಿದಿರಲಿಲ್ಲ.

"ಸುಮ್ಮನಿರ್ರಿ, ಕೇಳಾಕ ಬಿಡ್ರಿ," ಎಂದು ಹಿಂದಿನವರನ್ನು ಗದರಿಸಿ, ಕಿವಿಯನ್ನು ಫೋನಿಗೆ ತಂದರು. "ಅನಸೂಯಾಬಾಯಿ, ಇದು ನಮ್ಮೂರ ಹಿಟ್ಟಿನ ಗಿರಣಿ ಸಪ್ಪಳ ಐತಿ."

"ಹೌದ್ರಿ ಸರ್, ಅದ ಐತಿ."

"ಹೊಗಿ ವಾಸನಿ ಹೆಂಗೈತಿ? ಕರಿದ ಎಣ್ಣಿ ವಾಸನಿ ಬರಾಕತ್ತೈತೇನು?"

ಹತ್ತಿರ ಹೋಗಿ ಮೂಸಿದೆ. "ಇಲ್ರಿ. ಎಣ್ಣಿ ವಾಸನಿ ಸುದ್ದಾ ಇಲ್ಲ. ಹುಳ ಎಲ್ಲಾ ತಿಂದು ಡೀಸೆಲ್ ಮಾಡೇತಿ." ಅವರು ಮುಖ ಒರೆಸಿಕೊಂಡರು.

ಯುಹಾ ಜೇಬಿನಲ್ಲಿ ಕೈಯಿಟ್ಟು ಬಹಳ ಹೊತ್ತು ಇಂಜಿನ್ನನ್ನೇ ನೋಡುತ್ತಾ ನಿಂತು, "ಕೆಟ್ಟದಾಗಿಲ್ಲ," ಎಂದ. ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಂತೆ, ರಿತ್ವಾ ನನ್ನ ಕಿವಿಯಲ್ಲಿ ಹೇಳಿದರು. ಇಂಜಿನ್ನು ಹಾಕಿದ ಡೀಸೆಲ್ಲು ಮುಗಿಯುವವರೆಗೂ ಓಡಿತು. ನಾವು ಅಲ್ಲೇ ನಿಂತು, ಏಲಕ್ಕಿ ಹಾಕಿದ ಬನ್ನು ತಿಂದು ಮುಗಿಸಿದೆವು.

ಹೊರಡುವ ದಿನ ನನ್ನ ಚಮಚ ಕೇಳಿದೆ. ರಿತ್ವಾ ಕೊಡಲಿಲ್ಲ. ಅಳತೆಯ ಮೂಲ ಬೇಕಲ್ಲವೇ, ಮುಂದಿನ ಓಟಗಳಿಗೆ, ಎಂದರು. ಒಪ್ಪಿಕೊಂಡು ಉಸಿರನ್ನು ಒಳಗೆಳೆದು "ಯೋ" ಎಂದೆ. ರಿತ್ವಾ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮತ್ತೆ ನಾರಾಯಣಗೂಡ

ಸಮಿತಿ ಒಪ್ಪಿತು. ಕೋಣೆ ನಮ್ಮ ಕೈಯಲ್ಲೇ ಉಳಿಯಿತು, ಹುಡುಗಿಯರೂ ಉಳಿದರು. ಪಾಟೀಲ ಸರ್ ತಮ್ಮ ಹಳೆಯ ಪೇಪರುಗಳಿಗೆಲ್ಲ ತಿದ್ದುಪಡಿ ಬರೆಯುತ್ತಾ ಕೂತಿದ್ದಾರೆ. ಪ್ರತಿ ತಿದ್ದುಪಡಿಗೂ ನನ್ನ ಸಹಿ ಬೇಕಂತೆ, ಹಾಕುತ್ತಿದ್ದೇನೆ. ನಮ್ಮ ಲಾಗ್ ಬುಕ್ಕಿಗೆ ಹೊಸ ಅಂಕಣ ಬಂದಿದೆ: 'ಬರೆಯುವಂಥದ್ದೇನಲ್ಲ ಎಂದು ಅನ್ನಿಸಿದ್ದು'. ಎಲ್ಲಕ್ಕಿಂತ ಬೇಗ ತುಂಬುವುದು ಅದೇ.

ಬಂದ ಮರುದಿನ ನಮ್ಮವರು ತೊಳೆದ ಪಾತ್ರೆಗಳನ್ನು ಒರೆಸಿ ಸ್ಟ್ಯಾಂಡಿಗೆ ಜೋಡಿಸುತ್ತಿದ್ದರು. ಚಮಚಗಳನ್ನು ಎಣಿಸಿದರು. ಮತ್ತೊಂದು ಸಲ ಎಣಿಸಿದರು.

"ಐದ ಅದಾವಲ್ಲ. ಆರನೇದು ಎಲ್ಲಿ?"

"ಅದಕ್ಕ ಅಲ್ಲೇ ನೌಕರಿ ಸಿಕ್ತು ರೀ."

ಫೋನಿನಲ್ಲಿ ರಿತ್ವಾ ಕಳಿಸಿದ ಚಿತ್ರ ತೋರಿಸಿದೆ. ಫಳಫಳ ಹೊಳೆಯುವ ದೊಡ್ಡ ಟ್ಯಾಂಕು, ಅದರ ಪಕ್ಕದ ಗೋಡೆಗೆ ಒಂದು ಮೊಳೆ, ಮೊಳೆಗೆ ನಮ್ಮ ಚಮಚ. ಕೆಳಗೆ ಅಂಟಿಸಿದ ಚೀಟಿಯಲ್ಲಿ ಅವರ ಭಾಷೆಯ ಸಾಲುಗಳ ಮೇಲೆ 'ಹೈದರಾಬಾದ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಮ್ಮವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ, ಹಿಡಿಯ ಮೇಲಿನ ಹೂವಿನ ಕೆತ್ತನೆ ನಮ್ಮದೇ ಹೌದೆಂದು ಖಾತ್ರಿ ಮಾಡಿಕೊಂಡರು.

"ಪರ್ಮನೆಂಟ್ ಏನು?"

"ಪರ್ಮನೆಂಟ್ ರೀ."

ಅವರು ಉಳಿದ ಐದನ್ನು ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದರು. ಆರನೆಯದರ ಜಾಗವನ್ನು ಹಾಗೇ ಖಾಲಿ ಬಿಟ್ಟರು.

"ಇರಲಿ ಬಿಡು," ಎಂದರು. "ಮನ್ಯಾಗ ಒಬ್ಬರರೇ ಫಾರಿನ್‌ನಾಗ ಇರಬೇಕು."